ಬೇರೆ ದೇಶದ ಸೈಕಲ್ ಸವಾರರ ನಡುವೆ ನನ್ನ ಪರಿಚಯ ಹೇಗೆ ಹೇಳಿಕೊಳ್ಳಲಿ?

ನೀವು ಕೇಳಿರುವುದು ಇಷ್ಟು: ದಾವಣಗೆರೆಯಲ್ಲಿ ಕೆಲಸ, ಭಾನುವಾರ ಬೆಳಗ್ಗೆ ಮಾತ್ರ ಸೈಕಲ್ಲು, ಹೆಚ್ಚೆಂದರೆ ಚನ್ನಗಿರಿವರೆಗೆ ಹೋಗಿ ಬರುವುದು. ಮುಂದೊಂದು ದಿನ ಹೊರದೇಶದ ಸವಾರರು ಸೇರುವ ಕಡೆ ಹೋಗಬೇಕೆಂಬ ಆಸೆ ಇದೆ. ಅಲ್ಲಿ ಹೇಳಿಕೊಳ್ಳಲು ನನ್ನಂಥವನ ಬಳಿ ಏನಿದೆ? ಅವರೆಲ್ಲ ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಾರೆ? ಅಲ್ಲಿನ ರಸ್ತೆ ನಮ್ಮದಕ್ಕಿಂತ ಎಷ್ಟು ಬೇರೆ?

ನಿಮ್ಮ ಬಳಿ ಬೇಕಾದಷ್ಟಿದೆ. ನೀವು ತುಳಿಯುವ ರಸ್ತೆಯ ಬಗ್ಗೆ ಹೇಳಿ. ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಏರು ಎಲ್ಲಿ ಶುರುವಾಗುತ್ತದೆ, ಟೀ ಎಲ್ಲಿ ಸಿಗುತ್ತದೆ, ನಾಯಿ ಯಾವ ತಿರುವಿನಲ್ಲಿ ಅಟ್ಟಿಸಿಕೊಂಡು ಬರುತ್ತದೆ. ನಾನು ಕಂಡ ಮಟ್ಟಿಗೆ, ದೂರದ ಸವಾರಿಯ ಜನ ಒಬ್ಬರನ್ನೊಬ್ಬರು ಅರಿಯುವುದು ಇಂಥ ಮಾತಿನಿಂದಲೇ. ವೇಗ, ದಾಖಲೆ, ಸೈಕಲ್ಲಿನ ಬೆಲೆ ಇವುಗಳಿಂದ ಶುರುವಾದ ಮಾತು ಎರಡು ನಿಮಿಷಕ್ಕೆ ಮುಗಿದು ಹೋಗುತ್ತದೆ.

ನಾನು ಶಿವಮೊಗ್ಗದವನು. ಇದನ್ನು ಕಂಡದ್ದು 2023ರ ಆಗಸ್ಟ್‌ನಲ್ಲಿ, ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯಲ್ಲಿ. ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಪ್ಯಾರಿಸ್ ಹೊರವಲಯದ ರಾಂಬುಯೆ ಪಟ್ಟಣದಿಂದ ಹೊರಟು, ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ ಅಟ್ಲಾಂಟಿಕ್ ದಡದಲ್ಲಿರುವ ಬ್ರೆಸ್ಟ್ ಮುಟ್ಟಿ ವಾಪಸ್ ಬರಬೇಕು. ಒಟ್ಟು ಸುಮಾರು 1,200 ಕಿಲೋಮೀಟರ್, ಹೆಚ್ಚಿನವರಿಗೆ 90 ಗಂಟೆಯ ಗಡುವು. ನಿದ್ದೆ, ಊಟ, ಪಂಕ್ಚರ್ ಎಲ್ಲ ಅದರೊಳಗೇ. 1891ರಲ್ಲಿ ಒಂದು ಪತ್ರಿಕೆ ಇದನ್ನು ಪಂದ್ಯವಾಗಿ ಶುರು ಮಾಡಿತು. ಆ ವರ್ಷ ಶಾರ್ಲ್ ತೆರೋ ಎಂಬ ಸವಾರ 71 ಗಂಟೆ 22 ನಿಮಿಷದಲ್ಲಿ ಗೆದ್ದ. ಆಗಷ್ಟೇ ಬಂದಿದ್ದ, ಬಿಚ್ಚಿ ಹಾಕಬಹುದಾದ ಮಿಶೆಲಿನ್ ಗಾಳಿಟೈರು ಅವನ ಸೈಕಲ್ಲಿನಲ್ಲಿತ್ತು. ವೃತ್ತಿಪರರ ಪಂದ್ಯ 1951ಕ್ಕೆ ಕೊನೆಯಾಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ ಔಡಾಕ್ಸ್ ಕ್ಲಬ್ ಪಾರಿಸಿಯನ್ ನಡೆಸುವ ಸವಾರಿಯಲ್ಲಿ ಬಹುಮಾನವಿಲ್ಲ, ಗೆದ್ದವರಿಲ್ಲ. ಗಡುವಿನೊಳಗೆ ಮುಗಿಸಿದವರ ಹೆಸರು ಪಟ್ಟಿಗೆ ಸೇರುತ್ತದೆ, ಅಷ್ಟೇ. 6,000ಕ್ಕೂ ಹೆಚ್ಚು ಜನ, ಅರವತ್ತಕ್ಕೂ ಹೆಚ್ಚು ದೇಶಗಳಿಂದ.

ರಾಂಬುಯೆಯಲ್ಲಿ ಸವಾರರು ಸೇರುವುದು ಅರಮನೆಯ ತೋಟಕ್ಕೆ ಹೊಂದಿಕೊಂಡ ಹಳೆಯ ಸರ್ಕಾರಿ ಕುರಿಸಾಕಣೆ ಕೇಂದ್ರದ ಆವರಣದಲ್ಲಿ. ಹೊರಡುವ ಮೊದಲು ಲೈಟು, ಬ್ರೇಕು ತೋರಿಸಬೇಕು. ಆಮೇಲೆ ಗಂಟೆಗಟ್ಟಲೆ ಹುಲ್ಲಿನ ಮೇಲೆ ಕಾಯುವುದು. ಕಾಲು ಗಂಟೆಗೊಂದು ಗುಂಪು ಬಿಡುತ್ತಾರೆ. ಆ ಹುಲ್ಲಿನ ಮೇಲೆ ಜನ ತಮ್ಮ ಪರಿಚಯ ಹೇಳಿಕೊಳ್ಳುವ ಮೊದಲೇ ಅವರ ಸೈಕಲ್ಲುಗಳು ಹೇಳಿಬಿಟ್ಟಿರುತ್ತವೆ.

ಜಪಾನಿನ ಒಬ್ಬ ಹಿರಿಯರ ಸೈಕಲ್ ಪಕ್ಕ ಕೂತಿದ್ದೆ. ಹಿಂದಿನ ಮಡ್‌ಗಾರ್ಡ್ ನಟ್ಟನಡುವೆ ಕತ್ತರಿಸಿ, ಮತ್ತೆ ಒಂದು ಸಣ್ಣ ಬೋಲ್ಟಿನಿಂದ ಜೋಡಿಸಿದ್ದರು. ಮುರಿದು ಹೋಗಿತ್ತೇ ಎಂದು ಕೇಳಿದೆ. ಅವರು ನಕ್ಕು ಬೋಲ್ಟ್ ತಿರುವಿ, ಅರ್ಧ ಮಡ್‌ಗಾರ್ಡನ್ನು ಕೈಗೆ ತೆಗೆದು ತೋರಿಸಿದರು. ಜಪಾನಿನಲ್ಲಿ ರೈಲಿಗೆ ಸೈಕಲ್ ಹತ್ತಿಸಬೇಕಾದರೆ ಅದನ್ನು ಬಿಚ್ಚಿ ಚೀಲದೊಳಗೆ ಮುಚ್ಚಿರಬೇಕು. ಆ ಪದ್ಧತಿಗೆ ರಿಂಕೋ ಅನ್ನುತ್ತಾರೆ. ಹಾಗಾಗಿ ಅಲ್ಲಿನ ಎಷ್ಟೋ ಸವಾರರ ಸೈಕಲ್ಲು ಹುಟ್ಟುವಾಗಲೇ ರೈಲಿಗೆ ತಯಾರಾಗಿ ಹುಟ್ಟುತ್ತದೆ. ಅವರ ಕಡೆಯ ದೂರದ ಸವಾರಿಯಲ್ಲಿ ದಾರಿ ಮಧ್ಯದ ತಪಾಸಣೆಗೆ, ಅಂದರೆ ಆ ಜಾಗ ದಾಟಿದ್ದಕ್ಕೆ ಪುರಾವೆಯಾಗಿ, ಅಂಗಡಿಯ ರಸೀದಿ ಸಾಕು ಎಂದೂ ಹೇಳಿದರು, ರಾತ್ರಿಯಿಡೀ ತೆರೆದಿರುವ ಅಂಗಡಿ ಊರೂರಿಗೂ ಇದೆಯಲ್ಲ. ಅವರ ಸರಾಸರಿ ವೇಗ ಎಷ್ಟು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಊರಿನ ರೈಲ್ವೆ ನಿಲ್ದಾಣದ ಮೆಟ್ಟಿಲಲ್ಲಿ ಮುಂಜಾನೆ ಸೈಕಲ್ ಜೋಡಿಸುವ ಸದ್ದು ಹೇಗಿರುತ್ತದೆ ಅಂತ ಊಹಿಸಬಲ್ಲೆ.

ಇಂಗ್ಲೆಂಡಿನವರ ಸೈಕಲ್ಲನ್ನು ದೂರದಿಂದಲೇ ಗುರುತಿಸಬಹುದು. ಸೀಟಿನ ಹಿಂದೆ ಅಡ್ಡಕ್ಕೆ ಕಟ್ಟಿದ ದಪ್ಪ ಕ್ಯಾನ್ವಾಸ್ ಚೀಲ, ಚರ್ಮದ ಪಟ್ಟಿ. ಕ್ಯಾರಡೈಸ್ ಎಂಬ ಆ ಚೀಲಗಳ ಒಳಗಿನ ಲೇಬಲ್ ಮೇಲೆ ಹೊಲಿದವರ ಕೈಬರಹದ ಹೆಸರೇ ಇರುತ್ತದೆ. ಒಬ್ಬಾಕೆ ಅದನ್ನು ಬಿಡಿಸಿ ತೋರಿಸಿದರು. ಮಳೆ, ಮಡ್‌ಗಾರ್ಡು, ಬಸ್‌ಸ್ಟ್ಯಾಂಡಿನಲ್ಲಿ ತೆಗೆದ ನಿದ್ದೆ: ಆಕೆ ತಮ್ಮ ಬಗ್ಗೆ ಹೇಳಿಕೊಂಡದ್ದು ಈ ಮೂರೇ ಸಂಗತಿ, ಅದರಲ್ಲೇ ಇಡೀ ಆಕೆಯ ದೇಶವೂ ಬಂತು.

ನೆದರ್ಲ್ಯಾಂಡ್ಸ್‌ನ ಯುವಕನೊಬ್ಬ ರಾತ್ರಿ ನನ್ನ ಪಕ್ಕ ಬಂದು ಜೊತೆಯಾದ. ಮೊದಲ ಮಾತೇ ಗಾಳಿಯದು. ಅವರ ದೇಶದಲ್ಲಿ ಬೆಟ್ಟವಿಲ್ಲ, ಜನಕ್ಕಿಂತ ಸೈಕಲ್ಲೇ ಹೆಚ್ಚು. ಬೆಟ್ಟದ ಕೆಲಸವನ್ನು ಅಲ್ಲಿ ಗಾಳಿ ಮಾಡುತ್ತದೆ. ಬಿರುಗಾಳಿಯ ಮುನ್ಸೂಚನೆ ಬಂದ ಮೇಲಷ್ಟೇ ದಿನ ಗೊತ್ತು ಮಾಡಿ, ಸಮುದ್ರದ ತಡೆಗೋಡೆಯ ಮೇಲೆ, ಗೇರಿಲ್ಲದ ಸಾದಾ ಸೈಕಲ್ಲಿನಲ್ಲಿ ಎದುರುಗಾಳಿಗೆ 8.5 ಕಿಲೋಮೀಟರ್ ತುಳಿಯುವ ರಾಷ್ಟ್ರೀಯ ಸ್ಪರ್ಧೆಯನ್ನೇ ನಡೆಸುತ್ತಾರಂತೆ. ಅವನು ಹೇಳಿದ್ದನ್ನು ಊರಿಗೆ ಬಂದು ನೋಡಿದೆ, ನಿಜ. ಎದುರುಗಾಳಿಯನ್ನು ನಾವು ಶಾಪ ಹಾಕುತ್ತೇವೆ, ಅವರು ಅದಕ್ಕೊಂದು ಹಬ್ಬ ಮಾಡಿದ್ದಾರೆ. ನನಗೆ ಅವರ ಮೇಲೆ ಬಹಳ ಪ್ರೀತಿ ಬಂದದ್ದು ಇದರಿಂದ.

ಇನ್ನು ನನ್ನ ಸರದಿ. 'ಇಂಡಿಯಾ, ಯಾವ ಕಡೆ?' ಎಂದು ಕೇಳುತ್ತಾರೆ. ಬೆಂಗಳೂರು ಬಹಳ ಜನಕ್ಕೆ ಗೊತ್ತು, ಶಿವಮೊಗ್ಗ ಯಾರಿಗೂ ಗೊತ್ತಿಲ್ಲ. ಹಾಗಾಗಿ ಆಗುಂಬೆ ಹೇಳುತ್ತಿದ್ದೆ. ಬ್ರೆಸ್ಟ್ ಕಡೆಯ ಒಬ್ಬ ರೈತ ಸವಾರ ತನ್ನ ಊರು ಫ್ರಾನ್ಸಿನಲ್ಲೇ ಮಳೆಗೆ ಹೆಸರಾದದ್ದು ಎಂದು ಹೆಮ್ಮೆಯಿಂದ ಹೇಳಿದ. ಅಲ್ಲಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್. ಆಗುಂಬೆಯಲ್ಲಿ 7,000 ದಾಟುತ್ತದೆ ಅಂದೆ. ಅವನು ನಾನು ಸೊನ್ನೆ ಹೆಚ್ಚಿಗೆ ಹೇಳಿದೆ ಅಂದುಕೊಂಡ. ಅಂಥ ಮಳೆಯಲ್ಲಿ ಹದಿನಾಲ್ಕು ತಿರುವಿನ ಘಾಟಿ ಇಳಿದು ಸೋಮೇಶ್ವರದಲ್ಲಿ ಚಾ ಕುಡಿದು ಮತ್ತೆ ಹತ್ತುವುದು, ಮೇಲೆ ಬಂದು ಸಾಕ್ಸ್ ಮಡಚಿ ನೋಡಿದರೆ ಜಿಗಣೆ ಊದಿಕೊಂಡು ಕೂತಿರುವುದು, ಉಪ್ಪಿನ ಪೊಟ್ಟಣ ಸೀಟಿನ ಚೀಲದಲ್ಲೇ ಇರುವುದು, ಎಲ್ಲ ಹೇಳಿದೆ. ಕತ್ತಲಲ್ಲಿ ಎರಡು ಊರು ದಾಟುವವರೆಗೂ ಅವನು ಜಿಗಣೆಯ ಬಗ್ಗೆಯೇ ಕೇಳುತ್ತಿದ್ದ. ನಮ್ಮಿಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಮಾತು ನಿಲ್ಲಲಿಲ್ಲ.

ಒಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ, ನಮ್ಮವರಿಗೆ ಬೇಸರವಾದರೂ ಸರಿ. ಭಾರತದಿಂದ ನೂರಾರು ಜನ ಹೋಗುತ್ತೇವೆ. ಹೋದವರು ನಮ್ಮನಮ್ಮಲ್ಲೇ ಗುಂಪು ಕಟ್ಟಿ ತುಳಿದು, ದಾರಿ ನಡುವಿನ ಲೂದೆಯಾಕ್ ಎಂಬ ಊರಿನ ಊಟದ ಹಾಲಿನಲ್ಲೂ ನಮ್ಮವರನ್ನೇ ಹುಡುಕಿ ಪಕ್ಕ ಕೂರುತ್ತೇವೆ. ಸುಸ್ತಾದಾಗ ಕನ್ನಡ ಕಿವಿಗೆ ಬಿದ್ದರೆ ಜೀವ ಬರುತ್ತದೆ, ನಿಜ. ಆದರೆ ಲಕ್ಷಗಟ್ಟಲೆ ಖರ್ಚು ಮಾಡಿ ಅಷ್ಟು ದೂರ ಹೋದ ಮೇಲೆ ಒಂದು ಊಟವನ್ನಾದರೂ ಗೊತ್ತಿಲ್ಲದವರ ಪಕ್ಕ ಕೂತು ಮಾಡಬೇಕು. ಇನ್ನೊಂದು, 'ಆವರೇಜ್ ಎಷ್ಟು?' ಎಂಬ ಪ್ರಶ್ನೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. 1,200 ಕಿಲೋಮೀಟರನ್ನು 90 ಗಂಟೆಯಿಂದ ಭಾಗಿಸಿದರೆ ಗಂಟೆಗೆ 13 ಚಿಲ್ಲರೆ. ಆ ಸಂಖ್ಯೆ ಹೆಚ್ಚಿನವರಿಗೆಲ್ಲ ಒಂದೇ. ಅದರೊಳಗೆ ಯಾರು ಹೇಗೆ ಬದುಕಿಕೊಂಡರು ಎಂಬುದರಲ್ಲೇ ಕೇಳುವಂಥದ್ದು ಇರುವುದು.

ಸವಾರರಷ್ಟೇ ಪರಿಚಯ ಹೇಳಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ದಾರಿಬದಿಯ ಹಳ್ಳಿಯವರು ನಡುರಾತ್ರಿ ಮನೆ ಮುಂದೆ ಮೇಜು ಹಾಕಿ, ಕಾಫಿ, ಕೇಕು, ನೀರು ಇಟ್ಟು ಕಾದಿರುತ್ತಾರೆ. ವಿಲೆನ್-ಲಾ-ಜುಯೆಲ್ ಎಂಬ ಪೇಟೆಯಲ್ಲಂತೂ ಊರಿಗೆ ಊರೇ ಬೀದಿಗೆ ಬಂದಿರುತ್ತದೆ, ಮಕ್ಕಳು ನಿಮ್ಮ ತಟ್ಟೆ ಹೊತ್ತು ತಂದು ಮೇಜಿಗಿಡುತ್ತಾರೆ. ದಾರಿಯಲ್ಲಿ ಒಂದು ಮನೆಯವರು ಬಿಸಿ ದೋಸೆಯಂಥ ಕ್ರೇಪ್ ಕೊಟ್ಟು ದುಡ್ಡು ತೆಗೆದುಕೊಳ್ಳುವುದಿಲ್ಲ, ಊರಿಗೆ ಹೋಗಿ ಒಂದು ಪೋಸ್ಟ್‌ಕಾರ್ಡ್ ಹಾಕಿ ಅನ್ನುತ್ತಾರೆ. ಹಾಗೆ ಬಂದ ಕಾರ್ಡುಗಳನ್ನೆಲ್ಲ ಬೋರ್ಡಿಗೆ ಅಂಟಿಸಿ ಇಟ್ಟಿದ್ದಾರೆ. ನಾನು ಜೋಗದ ಚಿತ್ರವಿದ್ದ ಕಾರ್ಡ್ ಕಳಿಸಿದೆ. ನೀವು ಹೋದರೆ ದಾವಣಗೆರೆಯಿಂದ ಒಂದು ಕಳಿಸಿ.

ರಸ್ತೆ ನಮ್ಮದಕ್ಕಿಂತ ಎಷ್ಟು ಬೇರೆ ಎಂದೂ ಕೇಳಿದ್ದೀರಿ. ಆ ದಾರಿಯಲ್ಲಿ ಸಮುದ್ರಮಟ್ಟಕ್ಕಿಂತ 400 ಮೀಟರ್ ಎತ್ತರದ ಜಾಗ ಒಂದೂ ಇಲ್ಲ. ನಮ್ಮ ಶಿವಮೊಗ್ಗ ಪೇಟೆಯೇ ಅದಕ್ಕಿಂತ ಮೇಲಿದೆ. ಆದರೂ ಒಟ್ಟು ಹತ್ತುವುದು 12,000 ಮೀಟರಿಗೆ ಹತ್ತಿರ. ಯಾಕೆಂದರೆ ಸಮತಟ್ಟು ಅನ್ನುವುದೇ ಇಲ್ಲ. ಒಂದು ದಿಬ್ಬ ಹತ್ತು, ಇಳಿ, ಮತ್ತೊಂದು ಹತ್ತು, ಹೀಗೆ ಮೂರು ಹಗಲು ಮೂರು ರಾತ್ರಿ. ನಮ್ಮ ಹೆದ್ದಾರಿಯಲ್ಲಿ ಒಂದೇ ಲಯದಲ್ಲಿ ತುಳಿದು ಅಭ್ಯಾಸವಾದವರ ಮಂಡಿ ಅಲ್ಲಿ ಮಾತಾಡಲು ಶುರು ಮಾಡುತ್ತದೆ. ಬೆಂಗಳೂರಿನವರು ನಂದಿ ಬೆಟ್ಟ ಹತ್ತಿ ತಯಾರಾಗುತ್ತಾರೆ, ಅದು ಒಳ್ಳೆಯದೇ. ಆದರೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸುತ್ತಿನ ಏರಿಳಿತದ ಸಣ್ಣ ರಸ್ತೆಗಳೇ ಆ ದಾರಿಗೆ ಹೆಚ್ಚು ಹತ್ತಿರ. ನಿಮಗೆ ಅದು ಒಂದು ಬಸ್ಸಿನ ದೂರ.

ಅತ್ತ ನಮ್ಮ ರಸ್ತೆಯಲ್ಲಿ ಅವರಿಗೆ ಊಹೆಗೂ ಬಾರದ್ದು ಎಷ್ಟಿದೆ. ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್, ಬಣ್ಣ ಬಳಿಯದ ಹಂಪು, ಎದುರಿಂದ ಹೈಬೀಮ್ ಹಾಕಿಕೊಂಡು ಬರುವ ಲಾರಿ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹುರುಳಿ ಹರಡಿ ಗಾಡಿಗಳಿಂದ ತುಳಿಸುವುದನ್ನು ಒಬ್ಬ ಅಮೆರಿಕದವನಿಗೆ ಹೇಳಿದೆ. ಅದರ ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು, ಗೇರು ಬದಲಿಸುವ ಡಿರೇಲರ್ ಒಳಗೆ ಹೊಕ್ಕು, ಚೈನು ಕಚ್ಚಿ ನಿಲ್ಲುತ್ತದೆ. ರಸ್ತೆಬದಿ ಕೂತು ಕೈಯಲ್ಲಿ ಒಂದೊಂದೇ ಎಳೆ ಬಿಡಿಸಬೇಕು. ಹುರುಳಿ ಹರಡಿದ ಅಜ್ಜಿಯೇ ಬಂದು ಪಕ್ಕದಲ್ಲಿ ಕೂತು ಬಿಡಿಸಿಕೊಡುತ್ತಾಳೆ. ಆತ ಇದನ್ನು ತನ್ನ ಜೊತೆಯವರಿಗೆಲ್ಲ ನನ್ನಿಂದಲೇ ಹೇಳಿಸಿದ.

ನಿಮ್ಮ ಕಡೆ ಇಂಥದ್ದು ನನ್ನಲ್ಲಿಗಿಂತ ಹೆಚ್ಚೇ ಇದೆ. ಭದ್ರಾ ನಾಲೆಯ ಏರಿ, ಅದರ ಎರಡೂ ಬದಿಯ ಗದ್ದೆ, ಸಂತೆಬೆನ್ನೂರಿನ ಪುಷ್ಕರಣಿ, ಸೂಳೆಕೆರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಜೂನ್, ಜುಲೈನಲ್ಲಿ ಆ ಕಡೆಯಿಂದ ದಾವಣಗೆರೆಗೆ ಪಡುವಣ ಗಾಳಿ ಎದುರು ತುಳಿದವರಿಗೆ ನೆದರ್ಲ್ಯಾಂಡ್ಸ್‌ನವನ ಮಾತು ಅರ್ಥವಾಗಲು ದುಭಾಷಿ ಬೇಡ. ಜೊತೆಗೆ, ಈ ರಾಜ್ಯದಲ್ಲಿ ಸೈಕಲ್ ಅಂದರೆ ಬೆಂಗಳೂರು ಮಾತ್ರ ಅಂತ ಯಾರಾದರೂ ಅಂದುಕೊಂಡಿದ್ದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಗ್ಗೆ ಹೇಳಿ. ರಾಷ್ಟ್ರಮಟ್ಟದ ಸ್ಪರ್ಧೆಗೆ ಅಲ್ಲಿನ ಹಳ್ಳಿಯ ಹುಡುಗ ಹುಡುಗಿಯರು ಎಷ್ಟೋ ವರ್ಷದಿಂದ ಹೋಗುತ್ತಿದ್ದಾರೆ.

ಕೊನೆಯದಾಗಿ, ಅಲ್ಲಿಗೆ ಹೋಗುವ ದಾರಿ. ಮುಂದಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ 2027ಕ್ಕೆ. ಅದಕ್ಕೆ ಆ ಋತುವಿನಲ್ಲೇ 200, 300, 400, 600 ಕಿಲೋಮೀಟರಿನ ನಾಲ್ಕು ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಮುಗಿಸಿರಬೇಕು. ಋತು ನವೆಂಬರ್‌ನಿಂದ ಲೆಕ್ಕ. ಹಿಂದಿನ ವರ್ಷ ಉದ್ದದ ಬ್ರೆವೆ ಮಾಡಿದವರಿಗೆ ಹೆಸರು ನೋಂದಾಯಿಸಲು ಮೊದಲ ಅವಕಾಶ ಸಿಗುತ್ತದೆ. 200ಕ್ಕೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ನಿಯಮ ಎಲ್ಲ ದೇಶದಲ್ಲೂ ಇದೇ. ನಮ್ಮಲ್ಲಿ ಮುಗಿಸಿದ ಬ್ರೆವೆಯೂ ಪ್ಯಾರಿಸ್ಸಿನ ಅದೇ ಕ್ಲಬ್ಬಿನಲ್ಲಿ ದಾಖಲಾಗಿ ಅದಕ್ಕೊಂದು ನಂಬರ್ ಬರುತ್ತದೆ. ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ಬ್ರೆವೆ ನಡೆಸುವ ಕ್ಲಬ್ಬುಗಳಿವೆ, ನಮ್ಮ ದೇಶದ ಬ್ರೆವೆಗಳನ್ನು ನೋಡಿಕೊಳ್ಳುವ ಔಡಾಕ್ಸ್ ಇಂಡಿಯಾದ ಪಟ್ಟಿ ನೋಡಿ ಹೆಸರು ಕೊಡಿ. ಚನ್ನಗಿರಿಗೆ ಹೋಗಿ ಬರುವವರಿಗೆ 200 ದೂರದ ಮಾತಲ್ಲ. ಮುಂದಿನ ಲೈಟಿನ ಜೊತೆ ಒಂದು ಹೆಚ್ಚುವರಿ ಲೈಟು, ರಿಫ್ಲೆಕ್ಟರ್ ಜಾಕೆಟ್ಟು, ಎರಡು ಟ್ಯೂಬು ಇರಲಿ. ಡಿಸೆಂಬರ್, ಜನವರಿಯ ತಂಪಿನಲ್ಲಿ ಮೊದಲನೆಯದನ್ನು ಮುಗಿಸಿಬಿಡಿ. ಶಿವಮೊಗ್ಗದ ಕಡೆ ಬರುವುದಿದ್ದರೆ ಇಲ್ಲೇ ಒಂದು ಸಾಲು ಬರೆಯಿರಿ, ತೀರ್ಥಹಳ್ಳಿವರೆಗೆ ನಾನೂ ಬರುತ್ತೇನೆ.