ಸಮುದ್ರ ಬಿಸಿಯಾಗಿ ಹವಾಮಾನ ಕೆಟ್ಟಿತೋ, ಹವಾಮಾನ ಕೆಟ್ಟು ಸಮುದ್ರ ಬಿಸಿಯಾಯ್ತೋ?

ನೀವು ಕೇಳಿದ್ದು ಎರಡು. ಕಡಲು ಬಿಸಿಯಾಗೋದು, ಹವಾಮಾನ ಕೆಡೋದು, ಇವುಗಳಲ್ಲಿ ಯಾವುದು ಮೊದಲು ಅನ್ನೋದು, ಮತ್ತೆ ಹೊಗೆ ಬಿಡೋದು ಇವತ್ತೇ ನಿಲ್ಲಿಸಿದರೆ ಕಡಲು ತಣ್ಣಗಾಗುತ್ತಾ ಅನ್ನೋದು. ನಾನು ವಿಜ್ಞಾನಿ ಅಲ್ಲ. ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಯಾವ ಕಾಲದಲ್ಲೋ ಓದಿದ ಬಿ.ಎಸ್ಸಿ. ಮಳೆ ನಂಬಿ ಬದುಕೋನಿಗೆ ಕಡಲಿನ ಸುದ್ದಿ ಬೇಡ ಅಂದರೆ ಆಗಲ್ಲ, ಹಾಗಾಗಿ ಒಂದಿಷ್ಟು ಓದಿಕೊಂಡಿದ್ದೇನೆ.

ಶುರು ಮಾಡಿದ್ದು ನಾವೇ. ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಸುಟ್ಟೂ ಸುಟ್ಟೂ, ಹತ್ತು ಲಕ್ಷ ಪಾಲು ಗಾಳಿಯಲ್ಲಿ 280 ಪಾಲಿದ್ದ ಇಂಗಾಲದ ಡೈಆಕ್ಸೈಡು ಈಗ 420 ದಾಟಿದೆ. ಬಿಸಿಲು ಮೊದಲಿನಷ್ಟೇ ಬೀಳುತ್ತೆ, ಆದರೆ ಆಕಾಶಕ್ಕೆ ವಾಪಸ್ ಹೋಗಬೇಕಾದ ಶಾಖ ಸಲೀಸಾಗಿ ಹೋಗಲ್ಲ. ಹಾಗೆ ಉಳಿದ ಶಾಖದಲ್ಲಿ ನೂರಕ್ಕೆ ಸುಮಾರು 90 ಪಾಲು ಸೇರಿದ್ದು ಸಮುದ್ರಕ್ಕೆ. ನಾವು ಉಸಿರಾಡೋ ಗಾಳಿಗೆ ಸಿಕ್ಕಿದ್ದು ಒಂದೆರಡು ಪಾಲು, ಅಷ್ಟೆ.

ನಂಬೋಕೆ ಆಗದಿದ್ದರೆ ನಮ್ಮ ಬಚ್ಚಲಿಗೆ ಬನ್ನಿ. ಸಂಜೆ ಐದಕ್ಕೆ ಒಲೆಗೆ ಅಡಿಕೆ ಮರದ ಸೋಗೆ, ಹಾಳೆ ತುರುಕಿ ಬೆಂಕಿ ಹಾಕ್ತೇವೆ. ಬಚ್ಚಲಿನ ಗಾಳಿ ಐದೇ ನಿಮಿಷಕ್ಕೆ ಬೆಚ್ಚಗಾಗುತ್ತೆ, ಹಂಡೆಯ ನೀರಿಗೆ ಕೈ ಅದ್ದಿದರೆ ಇನ್ನೂ ಕೊರೆಯುತ್ತಿರುತ್ತೆ. ರಾತ್ರಿ ಬೆಂಕಿ ಆರಿದ ಮೇಲೆ ಬಾಗಿಲು ತೆಗೆದರೆ ಗಾಳಿ ಕ್ಷಣದಲ್ಲಿ ತಣ್ಣಗೆ. ಹಂಡೆ ಮಾತ್ರ ಬೆಳಗಿನ ಜಾವದವರೆಗೂ ಉಗುರು ಬೆಚ್ಚಗೆ, ಮುಖ ತೊಳೆಯೋಕೆ ಅದೇ ನೀರು. ಇಡೀ ವಾತಾವರಣದಲ್ಲಿರುವಷ್ಟು ಶಾಖವನ್ನು ಹಿಡಿದಿಡೋಕೆ ಸಮುದ್ರದ ಮೇಲಿನ ಮೂರು ಮೀಟರ್ ನೀರು ಸಾಕು ಅಂತ ಲೆಕ್ಕ. ಕಡಲಿನ ಸರಾಸರಿ ಆಳ ಮೂರೂವರೆ ಕಿಲೋಮೀಟರಿಗೂ ಜಾಸ್ತಿ. ಎಂಥ ಹಂಡೆ ಅಂತ ನೀವೇ ನೋಡಿ.

ಇನ್ನು ಸಮುದ್ರ ತಿರುಗಿಸಿ ಕೊಡೋದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತೆ. ಆ ಆವಿಯೂ ಶಾಖವನ್ನು ಹೋಗಗೊಡಲ್ಲ. ಗೋಲಿ ಸೋಡಾ ಬಿಸಿಲಲ್ಲಿಟ್ಟು ಒಡೆದರೆ ಗ್ಯಾಸೆಲ್ಲ ಬುಸ್ ಅಂತ ಹಾರಿಹೋಗಲ್ವಾ? ಕಡಲೂ ಹಾಗೇ. ನಾವು ಬಿಟ್ಟ ಇಂಗಾಲದಲ್ಲಿ ಕಾಲು ಭಾಗದಷ್ಟನ್ನು ಇಷ್ಟು ದಿನ ಅದೇ ನುಂಗಿಕೊಂಡಿದೆ, ಆದರೆ ಬಿಸಿಯಾದಷ್ಟೂ ನುಂಗೋ ಶಕ್ತಿ ಕಡಿಮೆ. ಉತ್ತರ ಧ್ರುವದ ಹಿಮ ಕರಗಿ ಕೆಳಗಿನ ಕಪ್ಪು ನೀರು ಬಿಸಿಲು ಹೀರೋದು ಮತ್ತೊಂದು. ಹಾಗಾಗಿ ಒಂದೇ ಮಾತಿನ ಉತ್ತರ ಬೇಕು ಅಂದರೆ: ಬೆಂಕಿ ಹಚ್ಚಿದ್ದು ನಾವು, ಆಮೇಲೆ ಕಡಲು, ಹವಾಮಾನ ಇಬ್ಬರೂ ಸೇರಿ ಊದುತ್ತಿದ್ದಾರೆ.

ನಮಗೆ ತಾಗೋದು ಅರಬ್ಬೀ ಸಮುದ್ರ. ಮೋಡವಿಲ್ಲದ ದಿನ ಆಗುಂಬೆಯ ಸೂರ್ಯಾಸ್ತದ ಕಟ್ಟೆ ಮೇಲೆ ನಿಂತರೆ ಕಾಣುತ್ತಲ್ಲ, ಅದೇ. ಹಿಂದೆಲ್ಲ ಚಂಡಮಾರುತ ಅಂದರೆ ಬಂಗಾಳ ಕೊಲ್ಲಿಯ ಬಾಬತ್ತು ಅಂದುಕೊಂಡಿದ್ದೆವು. 2021ರ ಮೇನಲ್ಲಿ ತೌಕ್ತೆ, 2023ರ ಜೂನಿನಲ್ಲಿ ಬಿಪರ್‌ಜಾಯ್ ಎದ್ದದ್ದು ಇಲ್ಲೇ, ಘಟ್ಟದ ಕೆಳಗಿನ ಕಡಲಲ್ಲಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ ಹಾಗೆ, ಮಧ್ಯ ಭಾರತದಲ್ಲಿ ಒಂದೇ ಸಲ ವಿಪರೀತ ಸುರಿಯೋ ಮಳೆ 1950ರಿಂದೀಚೆಗೆ ಮೂರು ಪಟ್ಟಾಗಿದೆ. ಅದಕ್ಕೆ ಹೆಚ್ಚಿನ ತೇವ ಒದಗಿಸೋದು ಅರಬ್ಬೀ ಸಮುದ್ರ.

ತೋಟದಲ್ಲಿ ನನ್ನ ತಕರಾರು ಮಳೆ ಎಷ್ಟಾಯ್ತು ಅನ್ನೋದಲ್ಲ, ಹೊಳವು, ಅಂದರೆ ಮಳೆಯ ನಡುವಿನ ಬಿಡುವು, ಸಿಗಲ್ಲ ಅನ್ನೋದು. ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸೋ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆದ ಔಷಧಿ ಗೊನೆ ಮೇಲೆ ಒಣಗಬೇಕು. 40–45 ದಿನ ಬಿಟ್ಟು ಇನ್ನೊಂದು ಸಲ. 2019ರ ಆಗಸ್ಟಿನ ಆಶ್ಲೇಷ ಮಳೆಯಲ್ಲಿ ಔಷಧಿ ಹೊಡೆಯೋರು ಮೂರು ದಿನ ನಮ್ಮ ಜಗಲಿಯಲ್ಲೇ ಕೂತು ಕಾಫಿ ಕುಡಿದು ಹೋದರು. ಡ್ರಮ್ಮಿನಲ್ಲಿ ನೀಲಿ ನೀರು ಹಾಗೇ ಇತ್ತು, ಮರದ ಬುಡದಲ್ಲಿ ಉದುರಿದ ಕಾಯಿ.

ಹಾಗಂತ ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟೋದು ನನಗೆ ಸರಿ ಕಾಣಲ್ಲ. 2023ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಲೇ ಇಲ್ಲ. ದೇಶದಲ್ಲಿ 1901ರಿಂದೀಚೆಗೆ ಅಷ್ಟು ಒಣ ಆಗಸ್ಟೇ ಇಲ್ಲ. ಅದರಲ್ಲಿ ದೊಡ್ಡ ಪಾಲು ಪೆಸಿಫಿಕ್ ಸಾಗರದ ಮೇಲ್ನೀರು ಬಿಸಿಯಾಗಿ ಕೆಲವು ವರ್ಷಕ್ಕೊಮ್ಮೆ ಏಳುವ ಎಲ್ ನಿನೊದ್ದು, ಅದು ನಮ್ಮ ಅಜ್ಜಂದಿರ ಕಾಲದಲ್ಲೂ ಇತ್ತು. ಈಗಿನ ವ್ಯತ್ಯಾಸ ಅಂದರೆ ಅದು ಏಳೋದೇ ಮೊದಲೇ ಬಿಸಿಯಾದ ಕಡಲಿನ ಮೇಲೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಹಂಡೆಯಲ್ಲೇ ಇದೆ. ಹೊಗೆ ಪೂರ್ತಿ ನಿಂತರೆ ಗಾಳಿಯ ಬಿಸಿ ಏರೋದು ಹೆಚ್ಚುಕಮ್ಮಿ ಅಲ್ಲಿಗೇ ನಿಲ್ಲುತ್ತೆ ಅಂತ ಈಗಿನ ಅಂದಾಜು, ಅದೇನು ಸಣ್ಣ ಲಾಭ ಅಲ್ಲ. ಕಡಲು ಮಾತ್ರ ತಣ್ಣಗಾಗಲ್ಲ. ಮೇಲಿನ ಬಿಸಿ ನಿಧಾನಕ್ಕೆ ತಳಕ್ಕೆ ಇಳೀತಾ ಇರುತ್ತೆ, ಬಿಸಿಯಾದ ನೀರು ಹಿಗ್ಗುತ್ತೆ, ಹಿಗ್ಗಿದ ನೀರು ಶತಮಾನಗಟ್ಟಲೆ ದಡ ಏರುತ್ತೆ. ನಮಗಲ್ಲ, ಘಟ್ಟದ ಕೆಳಗಿನ ನೆಂಟರಿಗೆ.