ಕೇಳಿ, ಹೇಳ್ತೀವಿ: ಮಧುಗಿರಿ ಹತ್ತಿದ ಕಾಲು ಮಾಚು ಪಿಚು ಹತ್ತುತ್ತಾ?

ಪ್ರಶ್ನೆ: ನನಗೆ 56 ವರ್ಷ. ಮಗಳು ಅಳಿಯ ಅಮೆರಿಕದಲ್ಲಿದ್ದಾರೆ, ನಾವು ಬರೋ ಜೂನ್‌ನಲ್ಲಿ ಅಲ್ಲಿಗೆ ಹೋದಾಗ ಪೆರು ದೇಶದ ಮಾಚು ಪಿಚು ತೋರಿಸ್ತೀವಿ ಅಂತಿದ್ದಾರೆ. ಫೋಟೋದಲ್ಲಿ ಹಿಂದೆ ಚೂಪಾಗಿ ನಿಂತಿರುತ್ತಲ್ಲ ಆ ಬೆಟ್ಟಾನೂ ಹತ್ತಬೇಕು ಅಂತ ನನಗಾಸೆ. ನಮ್ಮ ಯಜಮಾನ್ರು ಮಾತ್ರ "ಮಧುಗಿರೀಲೇ ಅರ್ಧಕ್ಕೆ ಕೂತವಳು ನೀನು" ಅಂತ ನಗ್ತಾರೆ. ಬಿಪಿ ಮಾತ್ರೆ ತಗೋತೀನಿ, ಮಂಡಿ ಸ್ವಲ್ಪ ನೋವು. ಆಗುತ್ತಾ?
— ತಿಪಟೂರಿನ ಓದುಗಿ

ಉತ್ತರ: ಮೇಡಂ, ಯಜಮಾನ್ರು ನಗ್ಲಿ ಬಿಡಿ, ಲೆಕ್ಕ ನೋಡಿದ್ರೆ ನಿಮ್ಮ ಪರವಾಗೇ ಇದೆ. ಮಧುಗಿರಿ ತುದಿ ಸಮುದ್ರಮಟ್ಟದಿಂದ ಸುಮಾರು 1,193 ಮೀಟರ್, ಊರು ಇರೋದು 790ರ ಆಸುಪಾಸು, ಅಂದ್ರೆ ಏರು ಹತ್ತಿರ ಹತ್ತಿರ 400 ಮೀಟರ್. ಮಾಚು ಪಿಚು, ಅಂದ್ರೆ ಹಿಂದೆ ಪೆರು ಆಳಿದ ಇಂಕಾ ಜನ ಕಟ್ಟಿದ ಊರಿನ ಅವಶೇಷ, ಇರೋದು 2,430 ಮೀಟರ್‌ನಲ್ಲಿ, ನೀವು ಹೇಳೋ ಚೂಪು ಬೆಟ್ಟದ ಹೆಸರು ವಾಯ್ನಾ ಪಿಚು, ಅದು 2,693 ಮೀಟರ್, ಏರು 260 ಚಿಲ್ರೆ, ಶುರುನಲ್ಲಿ ಸ್ವಲ್ಪ ಇಳಿದು ಆಮೇಲೆ ಹತ್ತಬೇಕು, ಅದನ್ನ ಸೇರಿಸಿದ್ರೂ ಮಧುಗಿರಿಗಿಂತ ಕಮ್ಮಿನೇ. ಹಾಗಾಗಿ ಕಾಲಿನ ಚಿಂತೆ ಅಷ್ಟು ಬೇಡ, ಚಿಂತೆ ಮಾಡ್ಬೇಕಾಗಿರೋದು ಎತ್ತರದ ತೆಳು ಗಾಳಿ ಬಗ್ಗೆ, ಇಳಿಯೋದರ ಬಗ್ಗೆ, ಎಲ್ಲಕ್ಕಿಂತ ಮುಂಚೆ ಟಿಕೆಟ್ ಬಗ್ಗೆ.

ಟಿಕೆಟ್ಟಿಂದೇ ದೊಡ್ಡ ಕಥೆ. ಅಲ್ಲಿ ನಮ್ಮ ಬೆಟ್ಟಗಳ ಹಾಗೆ ಹೋಗಿ ಗೇಟಲ್ಲಿ ನಿಂತ್ರೆ ಆಗಲ್ಲ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಅದರಲ್ಲೂ ವಾಯ್ನಾ ಪಿಚು ಟಿಕೆಟ್ ಬಹಳ ಕಮ್ಮಿ, ಜೂನ್ ಅಂದ್ರೆ ಅವರಿಗೆ ಮಳೆ ಇಲ್ಲದ ಸೀಸನ್ನು, ತಿಂಗಳುಗಟ್ಟಲೆ ಮುಂಚೆನೇ ಖಾಲಿ ಆಗುತ್ತೆ. ವಿಮಾನದ ಟಿಕೆಟ್ಟಿಗಿಂತ ಮುಂಚೆ ಇದನ್ನ ಮಾಡಿಸಿ, ಪಾಸ್‌ಪೋರ್ಟಲ್ಲಿ ಇರೋ ಹೆಸರೇ ಇರಬೇಕು, ಗೇಟಲ್ಲಿ ಅಸಲಿ ಪಾಸ್‌ಪೋರ್ಟನ್ನೇ ನೋಡ್ತಾರೆ. ಇನ್ನೊಂದು ವಿಷಯ, ಇದನ್ನ ಸುಮಾರು ಜನ ಅಲ್ಲಿಗೆ ಹೋದ ಮೇಲೆ ತಿಳ್ಕೊಂಡು ಬೇಜಾರಾಗ್ತಾರೆ: 2024ರಿಂದ ಒಳಗಡೆ ಓಡಾಡೋ ದಾರಿನ 3 ಸರ್ಕ್ಯೂಟ್ ಅಂತ ಭಾಗ ಮಾಡಿದ್ದಾರೆ, ವಾಯ್ನಾ ಪಿಚು ಸೇರೋದು 3ನೇದಕ್ಕೆ, ಅದು ಕೆಳಗಿನ ಭಾಗದಲ್ಲಿ ಹೋಗೋದು, ಕ್ಯಾಲೆಂಡರಲ್ಲಿ ಬರೋ ಆ ಮೇಲಿಂದ ತೆಗೆದ ಫೋಟೋ ಜಾಗ ಅದರಲ್ಲಿ ಸಿಗಲ್ಲ. ಆ ಫೋಟೋನೂ ಬೇಕು ಬೆಟ್ಟಾನೂ ಬೇಕು ಅಂದ್ರೆ 2ನೇ ಸರ್ಕ್ಯೂಟಿಗೆ ಇನ್ನೊಂದು ಟಿಕೆಟ್. ದುಡ್ಡು ದಂಡ ಅನ್ಸಿದ್ರೂ ತಗೊಳ್ಳಿ, ಅಷ್ಟು ದೂರ ಹೋಗಿ ಆ ನೋಟ ಬಿಟ್ಟು ಬರೋದು ಯಾವ ಉಳಿತಾಯನೂ ಅಲ್ಲ.

ಗಾಳಿ ವಿಷಯಕ್ಕೆ ಬಂದ್ರೆ, ಎಲ್ರೂ ವಿಮಾನ ಇಳಿಯೋದು ಕುಸ್ಕೊ ಊರಲ್ಲಿ, ಅದು ಸುಮಾರು 3,400 ಮೀಟರ್, ಅಂದ್ರೆ ಮಾಚು ಪಿಚುಗಿಂತಲೂ ಮೇಲೆ! ನಮ್ಮ ನಂದಿಬೆಟ್ಟ 1,478 ಮೀಟರ್, ಅದರ ಎರಡರಷ್ಟಕ್ಕಿಂತ ಜಾಸ್ತಿ. ಇಳಿದ ದಿನ ತಲೆನೋವು, ವಾಕರಿಕೆ, ರಾತ್ರಿ ನಿದ್ದೆ ಬರದಿರೋದು ಸಾಮಾನ್ಯ, ಗಟ್ಟಿಮುಟ್ಟಾದ ಹುಡುಗರಿಗೂ ಆಗುತ್ತೆ. ಅದಕ್ಕೆ ಕುಸ್ಕೊದಲ್ಲಿ ಉಳ್ಕೊಳ್ಳದೆ ಟ್ಯಾಕ್ಸಿ ಹಿಡಿದು ಸೀದಾ ಕೆಳಗಿನ ಕಣಿವೆಗೆ ಇಳಿದು ಒಯಾಂತಾಯ್ತಂಬೊ ಅನ್ನೋ ಊರಲ್ಲಿ ಒಂದೆರಡು ರಾತ್ರಿ ಮಲಗಿ, ಅದು 2,800ರ ಸುತ್ತಮುತ್ತ, ಮಾಚು ಪಿಚು ಕಡೆಗೆ ರೈಲೂ ಅಲ್ಲಿಂದಲೇ ಇದೆ, ಕುಸ್ಕೊ ನೋಡೋದನ್ನ ವಾಪಸ್ ಬರೋವಾಗ ಇಟ್ಕೊಳ್ಳಿ. ಬಿಪಿ ಮಾತ್ರೆ ಇರೋದ್ರಿಂದ ಹೊರಡೋ ಮುಂಚೆ ಡಾಕ್ಟ್ರ ಹತ್ರ "ಇಷ್ಟು ಎತ್ತರಕ್ಕೆ ಹೋಗ್ತಿದೀನಿ" ಅಂತ ಹೇಳಿ ಕೇಳಲೇಬೇಕು, ಎತ್ತರಕ್ಕೆ ಅಂತ ಕೊಡೋ ಡಯಾಮಾಕ್ಸ್ ಮಾತ್ರೆನ ಯಾರೋ ಹೇಳಿದ್ರು ಅಂತ ನೀವೇ ನುಂಗಬೇಡಿ. ಹೋಟೆಲಲ್ಲಿ ಕೋಕಾ ಎಲೆ ಚಹಾ ಕೊಡ್ತಾರೆ, ಅಲ್ಲಿ ಅದು ಮಾಮೂಲಿ, ಎಲೆ ಬ್ಯಾಗಿಗೆ ಹಾಕ್ಕೊಂಡು ಮಾತ್ರ ಬರಬೇಡಿ, ಅಮೆರಿಕದಲ್ಲೂ ಇಲ್ಲೂ ಕೇಸಾಗುತ್ತೆ.

ಇನ್ನು ಇಳಿಯೋದು. ಮಧುಗಿರೀಲಿ ಮೆಟ್ಟಿಲು ಮುಗಿದ ಮೇಲೆ ಬರೀ ಬಂಡೆ, ಕಾಲಿಡೋಕೆ ಕೊರೆದ ಗುಳಿ, ಹಿಡಿಯೋಕೆ ಕಂಬಿ, ಅಷ್ಟೇ. ವಾಯ್ನಾ ಪಿಚುನಲ್ಲಿ ಮೇಲಿನ ತನಕ ಕಲ್ಲಿನ ಮೆಟ್ಟಿಲಿದೆ ಆದ್ರೆ ಕಿರಿದು, ಕೆಲವು ಕಡೆ ಮಂಡಿಯೆತ್ತರ, ಪಕ್ಕದಲ್ಲಿ ಪ್ರಪಾತ, ಅಲ್ಲಲ್ಲಿ ಹಿಡ್ಕೊಳ್ಳೋಕೆ ತಂತಿಹಗ್ಗ. ಹತ್ತೋವಾಗ ಏದುಸಿರು ಅಷ್ಟೇ, ಇಳಿಯೋವಾಗ ಮಂಡಿ ಮಾತಾಡೋಕೆ ಶುರು ಮಾಡುತ್ತೆ. ನಾಚ್ಕೋಬೇಡಿ, ಕೂತ್ಕೊಂಡು ಒಂದೊಂದೇ ಮೆಟ್ಟಿಲು ಇಳೀರಿ, ಅಲ್ಲಿ ಸುಮಾರು ಜನ ಹಾಗೇ ಇಳಿಯೋದು. ಎತ್ತರ ನೋಡಿದ್ರೆ ತಲೆ ತಿರುಗೋರಾದ್ರೆ ಮಾತ್ರ ಹೋಗಬೇಡಿ, ಅದಕ್ಕೆ ಪ್ರಾಕ್ಟೀಸ್ ಉಪಯೋಗಕ್ಕೆ ಬರಲ್ಲ.

ವೀಸಾ ಒಂದು ಮರೀತಿದ್ದೆ, ನಿಮ್ಮ ಅಮೆರಿಕ ವೀಸಾಗೆ ಇನ್ನೂ 6 ತಿಂಗಳು ಅವಧಿ ಇದ್ರೆ ಪೆರುಗೆ ಪ್ರವಾಸಕ್ಕೆ ಬೇರೆ ವೀಸಾ ಬೇಕಾಗಲ್ಲ, ಆದ್ರೂ ಹೊರಡೋ ಮುಂಚೆ ಒಂದ್ಸಲ ಎಂಬೆಸಿ ವೆಬ್‌ಸೈಟ್ ನೋಡಿಸಿ.

ಪ್ರಶ್ನೆ: ಮಾಚು ಪಿಚು ಸಾವಿರಾರು ವರ್ಷ ಹಳೇದು, 1911ರವರೆಗೆ ಯಾರಿಗೂ ಗೊತ್ತೇ ಇರಲಿಲ್ಲ ಅಂತ ವಿಡಿಯೋದಲ್ಲಿ ನೋಡಿದೆ, ನಿಜಾನಾ ಸರ್?
— ಶಿರಾದ ಪಿಯುಸಿ ವಿದ್ಯಾರ್ಥಿ

ಉತ್ತರ: ಎರಡೂ ಸುಳ್ಳಪ್ಪ. ಇಂಕಾ ದೊರೆ ಪಾಚಕುತಿ ಕಟ್ಟಿಸಿದ್ದು ಅಂತಾರೆ, 15ನೇ ಶತಮಾನದ್ದು, ಅಂದ್ರೆ ನಮ್ಮಲ್ಲಿ ವಿಜಯನಗರದ ಪ್ರೌಢದೇವರಾಯ ಆಳ್ತಿದ್ದ ಕಾಲದ ಹತ್ತಿರ ಹತ್ತಿರ. ನಮ್ಮ ಹಂಪಿಗೂ ಅದಕ್ಕೂ ವಯಸ್ಸಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ. ಅವರ ಹತ್ರ ಕಬ್ಬಿಣದ ಉಳಿ ಇರಲಿಲ್ಲ, ಗಾಡಿಗೆ ಚಕ್ರ ಇರಲಿಲ್ಲ, ಆದ್ರೂ ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ನನಗೆ ಅದಕ್ಕಿಂತ ಆಶ್ಚರ್ಯ ಅಂದ್ರೆ ಮಣ್ಣಿನ ಕೆಳಗಿನ ಕೆಲಸ, ಅಲ್ಲಿ ಭಾರೀ ಮಳೆ, ಗುಡ್ಡ ಜರುಗೋ ಜಾಗ, ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿರೋ ಹೊಲಗಳ ಅಡಿಯಲ್ಲಿ ಕಲ್ಲುಪುಡಿ, ಜಲ್ಲಿ, ಮಣ್ಣು ಅಂತ ಪದರ ಹಾಕಿ ನೀರು ಬಸಿದು ಹೋಗೋ ಹಾಗೆ ಮಾಡಿದ್ದಾರೆ, ಊರು ಇನ್ನೂ ನಿಂತಿರೋದು ಅದರಿಂದ. ಆ ಜಾಗನ ಜಗತ್ತಿಗೆ ಪರಿಚಯಿಸಿದ ಅಮೆರಿಕದ ಹಿರಮ್ ಬಿಂಗಮ್ 1911ರ ಜುಲೈ 24ಕ್ಕೆ ಅಲ್ಲಿಗೆ ಹೋದಾಗ ದಾರಿ ತೋರಿಸಿದ್ದೇ ಅಲ್ಲಿನ ಒಬ್ಬ ರೈತ, ಮೇಲೆ ಆಗಲೇ ಸಂಸಾರ ಹೂಡಿ ಬೇಸಾಯ ಮಾಡ್ತಿದ್ದ ಜನ ಇದ್ರು. ಅವರಿಗೆ ಗೊತ್ತಿತ್ತಲ್ಲ, ಹೊರಗಿನ ಬಹಳಷ್ಟು ಜನಕ್ಕೆ ಗೊತ್ತಿರಲಿಲ್ಲ ಅಷ್ಟೇ.

ಪ್ರಶ್ನೆ: ಪೆರುನಲ್ಲಿ ಶುದ್ಧ ಸಸ್ಯಾಹಾರಿಗಳಿಗೆ ಊಟ?
— ಕೋಲಾರದಿಂದ ಒಬ್ಬರು

ಉತ್ತರ: ಸಿಗುತ್ತೆ. ಆಲೂಗಡ್ಡೆ ಹುಟ್ಟಿದ ಸೀಮೆನೇ ಅದು, ಬಣ್ಣಬಣ್ಣದ ಆಲೂಗಡ್ಡೆ, ಮೆಕ್ಕೆಜೋಳ, ಕಿನ್ವಾ ಅನ್ನೋ ಧಾನ್ಯ ಧಾರಾಳ. ತರಕಾರಿ ಸೂಪ್ ಅಂತ ಬರೆದಿದ್ರೂ ಕೋಳಿ ಬೇಯಿಸಿದ ನೀರಲ್ಲಿ ಮಾಡಿರಬಹುದು, ಕೇಳಿ ತಗೊಳ್ಳಿ. ಚಟ್ನಿಪುಡಿ ಒಯ್ಯಿರಿ, ಆದ್ರೆ ಅವಶೇಷದ ಒಳಗೆ ತಿಂಡಿ ಬಿಡಲ್ಲ, ಒಳಗೆ ಟಾಯ್ಲೆಟ್ಟೂ ಇಲ್ಲ, ಎರಡೂ ಕೆಲಸ ಗೇಟಿನ ಹೊರಗೇ ಮುಗಿಸ್ಕೊಳ್ಳಿ.

ಪ್ರಶ್ನೆ: ಅಷ್ಟು ದೂರ ನಮ್ಮ ಕೈಲಾಗಲ್ಲ. ಮಳೆಗಾಲದಲ್ಲಿ ಮಧುಗಿರಿ ಹತ್ತಬಹುದಾ? ಹಸಿರಾಗಿರುತ್ತೆ ಅಂತಾರೆ.
— ಕೊರಟಗೆರೆಯ ಓದುಗರು

ಉತ್ತರ: ಹಸಿರು ಕೆಳಗಿಂದ್ಲೂ ಕಾಣುತ್ತೆ ಸ್ವಾಮಿ. ಬಂಡೆ ಒದ್ದೆ ಇದ್ದಾಗ ಮೊದಲ ಬಾಗಿಲುಗಳ ತನಕ ಹೋಗಿ ಕೋಟೆ ಗೋಡೆ ನೋಡ್ಕೊಂಡು ಬನ್ನಿ, ಅದರ ಮೇಲಿನ ಇಳಿಜಾರಿಗೆ ಕಾಲಿಡಬೇಡಿ, ಪಾಚಿ ಮೇಲೆ ಯಾವ ಕಂಪನಿ ಶೂನೂ ನಿಲ್ಲಲ್ಲ. ನವೆಂಬರ್ ಕಳೀಲಿ, ಬೆಳಗ್ಗೆ ಬೇಗ ಹತ್ತಿ ಬಂಡೆ ಕಾಯೋಕೆ ಮುಂಚೆ ಇಳೀರಿ, ನೀರು ತಲಾ ಎರಡು ಲೀಟರ್ ಇಟ್ಕೊಳ್ಳಿ. ತುದೀಲಿ ಗೋಪಾಲಕೃಷ್ಣ ಗುಡಿ ಪಾಳು ಬಿದ್ದಿದೆ, ಅಲ್ಲೀವರೆಗೂ ಹೋಗದೆ ಅರ್ಧಕ್ಕೆ ಫೋಟೋ ತೆಗೆದು ವಾಪಸ್ ಬರೋರೇ ಜಾಸ್ತಿ. ಜೇನುಗೂಡು ಕಂಡ್ರೆ ಸೆಂಟು, ಸಿಗರೇಟು, ಕೂಗಾಟ ಮೂರೂ ಬೇಡ.