ಬಿಎಸ್ಸಿಗಾಗಿ ಸಾಲ ಮಾಡಬೇಕೇ?

ಪ್ರಶ್ನೆ: ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಒಳ್ಳೆಯ ಅಂಕ ಬಂದಿವೆ. ಎಂಜಿನಿಯರಿಂಗ್ ಬೇಡ, ಫಿಸಿಕ್ಸ್ ಓದಿ ರಿಸರ್ಚ್ ಮಾಡುತ್ತೇನೆ ಅನ್ನುತ್ತಾಳೆ. ಮೈಸೂರಿನ ಯುವರಾಜ ಕಾಲೇಜಿನಲ್ಲಿ ಸೀಟು ಸಿಗುವ ಹಾಗಿದೆ. ನೆಂಟರು ಮಾತ್ರ, ಸರ್ಕಾರಿ ಕಡೆ ಪಾಠ ನಡೆಯಲ್ಲ, ಬೆಂಗಳೂರಿನ ಖಾಸಗಿ ಯೂನಿವರ್ಸಿಟಿಗೆ ಹಾಕು ಅನ್ನುತ್ತಾರೆ. ಅಲ್ಲಿಗೆ ಹಾಕಿದರೆ ಸಾಲ ಮಾಡಲೇಬೇಕು. ಏನು ಮಾಡಲಿ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಅಮ್ಮಾ, ಸಾಲ ಬೇಡ. ಯುವರಾಜಕ್ಕೇ ಸೇರಿಸಿ.

ನಿಮ್ಮ ಮಗಳ ದಾರಿಯಲ್ಲಿ ದೊಡ್ಡ ತಿರುವು ಬಿಎಸ್ಸಿ ಅಲ್ಲ, ಎಂಎಸ್ಸಿ. ಐಐಟಿಗಳ ಎಂಎಸ್ಸಿಗೆ, ಬೆಂಗಳೂರಿನ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಎಂಎಸ್ಸಿ, ಪಿಎಚ್‌ಡಿ ಎರಡೂ ಸೇರಿದ ಕೋರ್ಸ್) ಫೆಬ್ರವರಿಯಲ್ಲಿ ನಡೆಯುವ ಜಾಮ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಲಕ್ಷಗಟ್ಟಲೆ ಫೀಸು ಕಟ್ಟಿದವರಿಗೆ ಅಲ್ಲಿ ಬೇರೆ ಸಾಲು ಇರುವುದಿಲ್ಲ. ನಮ್ಮಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ, ಹಾಗಾಗಿ ಎಂಎಸ್ಸಿ ಸೇರಿ ಐದು ವರ್ಷದ ಖರ್ಚಿನ ಲೆಕ್ಕ ಹಾಕಿ. ಮೊದಲ ಮೂರು ವರ್ಷಕ್ಕೇ ಕೈ ಖಾಲಿ ಆಗಬಾರದು ಅಲ್ವಾ?

ನೆಂಟರ ಮಾತು ಪೂರ್ತಿ ಸುಳ್ಳೇನಲ್ಲ. ರಾಜ್ಯದ ಎಷ್ಟೋ ಸರ್ಕಾರಿ ಡಿಗ್ರಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೇ ನಡೆಯುತ್ತವೆ, ಅವರ ನೇಮಕ ತಡವಾದರೆ ಪಾಠವೂ ತಡ. ಇದು ನಿಜಕ್ಕೂ ಅನ್ಯಾಯ. ಆದರೆ ಎಲ್ಲ ಕಾಲೇಜುಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಯುವರಾಜ 1928ರ ಕಾಲೇಜು, ಮೈಸೂರು ವಿಶ್ವವಿದ್ಯಾಲಯದ ಸ್ವಂತ ಘಟಕ, ಸ್ವಾಯತ್ತವೂ ಹೌದು, ಅಂದರೆ ಪಠ್ಯ, ಪರೀಕ್ಷೆ ತಾನೇ ನಡೆಸುತ್ತದೆ. ಫಿಸಿಕ್ಸ್ ಎಂಎಸ್ಸಿ, ಪಿಎಚ್‌ಡಿ ನಡೆಯುವ ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿ ಅದೇ ಊರಲ್ಲಿದೆ.

ಖಾಸಗಿಯಲ್ಲೂ ಒಳ್ಳೆಯ ಲ್ಯಾಬ್, ಒಳ್ಳೆಯ ಮೇಷ್ಟ್ರು ಇರುವ ಕಡೆಗಳಿವೆ. ಫೀಸಿನಲ್ಲಿ ದೊಡ್ಡ ರಿಯಾಯಿತಿ ಕೊಟ್ಟರೆ ಯೋಚನೆ ಮಾಡಿ. ಆದರೆ ಕೆಲವು ಕಡೆ ಫಿಸಿಕ್ಸ್ ವಿಭಾಗ ಇರುವುದೇ ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಪಾಠ ಮಾಡಲು, ಬಿಎಸ್ಸಿ ಸುಮ್ನೆ ಪಕ್ಕದಲ್ಲಿ ನಡೆಯುತ್ತಿರುತ್ತದೆ. ಕಟ್ಟಡ ನೋಡಿದರೆ ಇದು ಗೊತ್ತಾಗುವುದಿಲ್ಲ. ಅಂತಿಮ ವರ್ಷದಲ್ಲಿ ಫಿಸಿಕ್ಸ್ ಓದುವವರು ಎಷ್ಟು ಜನ, ಕಾಯಂ ಅಧ್ಯಾಪಕರು ಎಷ್ಟು, ಹೋದ ವರ್ಷ ಮುಗಿಸಿದವರು ಎಂಎಸ್ಸಿಗೆ ಎಲ್ಲಿ ಸೇರಿದರು ಎಂದು ಕೇಳಿ. ಯುವರಾಜದಲ್ಲೂ ಇದನ್ನೇ ಕೇಳಿ. ಅಲ್ಲಿ ಓದುತ್ತಿರುವ ಹುಡುಗಿಯರನ್ನೇ ಮಾತಾಡಿಸಿ: ಪ್ರಯೋಗ ತಾವೇ ಕೈಯಾರೆ ಮಾಡುತ್ತಾರಾ, ಇಲ್ಲ ಗುಂಪಿನಲ್ಲಿ ನಿಂತು ನೋಡುತ್ತಾರಾ?

ಎಲ್ಲೇ ಸೇರಿಸಿದರೂ ಮೂಲ ಅಂಕಪಟ್ಟಿಯನ್ನು ಅಲ್ಲೇ ಬಿಟ್ಟು ಬರಬೇಡಿ. ಪರಿಶೀಲಿಸಿ ವಾಪಸ್ ಕೊಡಬೇಕು ಎಂದು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಯುಜಿಸಿ 2018ರಲ್ಲೇ ಹೇಳಿದೆ.

ಇನ್ನೊಂದು ವಿಷಯ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆ, ಬೇಸಿಗೆ ಪ್ರಾಜೆಕ್ಟಿನ ಹಣವೂ ಸೇರಿ ವರ್ಷಕ್ಕೆ 80,000 ರೂಪಾಯಿ. ಜೊತೆಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದರೆ ಒಬ್ಬ ವಿಜ್ಞಾನಿಯ ಹತ್ತಿರ ಎರಡು ತಿಂಗಳು ಕೆಲಸ ಕಲಿಯಬಹುದು, ಯಾವ ಕಾಲೇಜಿನವರಾದರೂ ಅರ್ಜಿ ಹಾಕಬಹುದು. ಮೊದಲ ವರ್ಷದಿಂದಲೇ ಇದರ ಮೇಲೆ ಕಣ್ಣಿಡಲು ಮಗಳಿಗೆ ಹೇಳಿ.